ಮಕ್ಕಳು ಮಲಗಿದ ಮೇಲೆ ನಡೆಯುವ ಜಗಳ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಒಂದೇ ಕೋಣೆಯ ಮನೆ, ಅತ್ತೆಯ ಹೆಸರಿನಲ್ಲಿದೆ. ಕುಡಿದು ಬಂದ ರಾತ್ರಿ ಪತಿ ನನ್ನ ಮೇಲೆ ಕೈಮಾಡುತ್ತಾರೆ, ಆದರೆ ಮಕ್ಕಳು ಮಲಗಿದ ಮೇಲೆಯೇ. 7 ವರ್ಷದ ಮಗಳು ಈಗ ಮತ್ತೆ ಹಾಸಿಗೆ ಒದ್ದೆ ಮಾಡುತ್ತಿದ್ದಾಳೆ. 14ರ ಮಗ ಮೊನ್ನೆ ಅವಳಿಗೆ ಹೊಡೆದ. ‘ಮಕ್ಕಳ ಮುಖ ನೋಡಿ ಸಹಿಸಿಕೋ’ ಎಂದು ಊರಿನಿಂದ ಅಮ್ಮ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮಕ್ಕಳು ನಿದ್ದೆಯಲ್ಲಿರುತ್ತಾರೆ ಎಂಬ ನಂಬಿಕೆಯನ್ನು ಮೊದಲು ಬಿಡಿ. ಒಂದೇ ಕೋಣೆಯಲ್ಲಿ ಕಣ್ಣುಮುಚ್ಚಿ ಮಲಗಿದ ಮಗುವಿಗೆ ಪೆಟ್ಟಿನ ಸದ್ದೂ ನೀವು ನುಂಗಿಕೊಂಡ ಅಳುವೂ ಕೇಳಿಸುತ್ತವೆ. ಕೇಳಿಸಿದ್ದನ್ನು ಯಾರಿಗೂ ಹೇಳಲಾಗದ ಭಯವೇ ಹಾಸಿಗೆ ಒದ್ದೆಯಾಗುವುದಕ್ಕೆ, ಶಾಲೆಗೆ ಹೊರಡುವ ಹೊತ್ತಿನ ಹೊಟ್ಟೆನೋವಿಗೆ ಎಷ್ಟೋ ಸಲ ಕಾರಣವಾಗಿರುತ್ತದೆ. ಆದರೂ ಮೂತ್ರದ ಸೋಂಕಿಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಳ್ಳಿ, ಮಗಳನ್ನು ಗದರಬೇಡಿ. 1998ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು, ತಾಯಿ ಪೆಟ್ಟು ತಿನ್ನುವ ಮನೆಯಲ್ಲಿ ಬೆಳೆಯುವುದನ್ನೂ ಬಾಲ್ಯದ ಆಘಾತಗಳಲ್ಲಿ ಎಣಿಸಿ, ಇಂಥವು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಕುಡಿತ, ಹೃದ್ರೋಗಗಳ ಸಂಭವ ಹೆಚ್ಚುವುದನ್ನು ತೋರಿಸಿತು. ನಿಮ್ಮ ತಾಯಿಯವರ ಕಾಳಜಿ ದೊಡ್ಡದು, ಅವರ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ.

ನನಗೆ ಹೆಚ್ಚು ಚಿಂತೆ ನಿಮ್ಮ ಮಗನದು. ತಡೆಯಲಾರದ ಅವಮಾನ ಆ ವಯಸ್ಸಿನಲ್ಲಿ ಸಿಟ್ಟಾಗಿ, ತನಗಿಂತ ಚಿಕ್ಕವರ ಮೇಲೆ ತಿರುಗುತ್ತದೆ. ತಂಗಿಯನ್ನು ಹೊಡೆದದ್ದು ತಪ್ಪೆಂದು ಸ್ಪಷ್ಟವಾಗಿ ಹೇಳಿ. ‘ನೀನೂ ಅಪ್ಪನ ಹಾಗೆಯೇ’ ಎಂದು ಮಾತ್ರ ಎಂದಿಗೂ ಅನ್ನಬೇಡಿ. ‘ಅಮ್ಮನನ್ನು ನೀನೇ ಕಾಯಬೇಕು’ ಎಂಬ ಭಾರವೂ ಅವನಿಗೆ ಬೇಡ. ನಡೆಯುತ್ತಿರುವುದು ಅವರಿಬ್ಬರ ತಪ್ಪಿನಿಂದಲ್ಲ ಎಂದು, ಮನೆ ಶಾಂತವಾಗಿರುವ ಹಗಲಿನಲ್ಲಿ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ಜಗಳ ಶುರುವಾದರೆ ನಡುವೆ ಬರದೆ, ತಂಗಿಯನ್ನು ನೀವು ನಂಬುವ ನೆರೆಯವರಲ್ಲಿಗೆ ಕರೆದೊಯ್ದು ತುರ್ತು ಸಹಾಯದ 112ಕ್ಕೆ ಕರೆ ಮಾಡಲು ಮಗನಿಗೆ ಕಲಿಸಿ.

ಮನೆ ಅತ್ತೆಯ ಹೆಸರಿನಲ್ಲಿದ್ದರೂ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ನಿಮಗೆ ಅಲ್ಲಿ ವಾಸಿಸುವ ಹಕ್ಕನ್ನು ಕೊಡುತ್ತದೆ. ರಕ್ಷಣೆಯ ಆದೇಶವನ್ನೂ ಮಕ್ಕಳ ತಾತ್ಕಾಲಿಕ ಸುಪರ್ದಿಯನ್ನೂ ಮ್ಯಾಜಿಸ್ಟ್ರೇಟರಲ್ಲಿ ಕೇಳಬಹುದು. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಮುಂಬಯಿ ಪೊಲೀಸರೊಡನೆ 1984ರಲ್ಲಿ ಆರಂಭಿಸಿದ ಮಹಿಳೆಯರ ಮತ್ತು ಮಕ್ಕಳ ವಿಶೇಷ ಕೋಶ ಇಂದು ಮಹಾರಾಷ್ಟ್ರದ ಹಲವೆಡೆ ಇದೆ. ದೂರು ದಾಖಲಿಸುವ ಮನಸ್ಸಿಲ್ಲದಿದ್ದರೂ ಅಲ್ಲಿನ ಸಮಾಜ ಕಾರ್ಯಕರ್ತೆಯೊಡನೆ ಮಾತನಾಡಬಹುದು. ಮನೆ ಬಿಡುವುದೋ ಇರುವುದೋ ನಿಮ್ಮ ನಿರ್ಧಾರ. ಬಿಡುವುದಾದರೆ ಸಿಟ್ಟಿನ ಭರದಲ್ಲಿ ಬೇಡ, ಏಕೆಂದರೆ ಹೊರಡುವ ಹೊತ್ತಿನಲ್ಲೇ ಹಿಂಸೆ ಹೆಚ್ಚುವುದುಂಟು. ಆಧಾರ್, ಪಡಿತರ ಚೀಟಿ, ಮಕ್ಕಳ ಶಾಲೆಯ ಕಾಗದಗಳನ್ನು ಮೊದಲೇ ನಂಬಿಕಸ್ಥರ ಮನೆಯಲ್ಲಿಡಿ. ಮಗ ನಿಮ್ಮೊಡನೆ ಬಾಯಿಬಿಡದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.