ಒಬ್ಬರಿಗೆ ‘ಅವರು’ ಏಕೆ?

ಮಾನ್ಯ ಮೇಷ್ಟರೇ,

ಕಾದಂಬರಿ ಬರೆದ, ಟ್ರಾನ್ಸ್‌ಜೆಂಡರ್ ಜನರ ಪರವಾಗಿ ಹೋರಾಡಿದ ಅಮೆರಿಕದ ಲೆಸ್ಲಿ ಫೈನ್‌ಬರ್ಗ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಕೆಂಪು ಶಾಯಿಯಲ್ಲಿ ತಿದ್ದಿ ಕಳಿಸಿದ್ದೀರಿ. ನಲವತ್ತೊಂದು ಕಡೆ ‘ಅವರು’ ಎಂಬ ಪದಕ್ಕೆ ಸುತ್ತು ಬಿದ್ದಿದೆ. ಎಣಿಸಿದೆ. ಹೆಣ್ಣಾಗಿ ಹುಟ್ಟಿದವಳನ್ನು ‘ಅವಳು’ ಎನ್ನಿ, ಮರ್ಯಾದೆ ಕೊಡಲೇಬೇಕಿದ್ದರೆ ‘ಆಕೆ’ ಎನ್ನಿ, ಹದಿನಾಲ್ಕರ ಹುಡುಗಿ ‘ಕೆಲಸಕ್ಕೆ ಸೇರಿದರು’ ಎಂದು ಬರೆದರೆ ನಗು ಬರುತ್ತದೆ ಎಂಬುದು ನಿಮ್ಮ ಮೊದಲ ಆಕ್ಷೇಪ. ಒಂದೇ ಒಂದು ಕಾದಂಬರಿಗೆ ಹೆಸರಾದವರಿಗೆ ಅಷ್ಟು ಪುಟ ಏಕೆ ಎಂಬುದು ಎರಡನೆಯದು. ತಲೆಬರಹದಲ್ಲಿ ‘ನಾನ್‌ಬೈನರಿ ಲೇಖಕ’ ಎಂದಿದ್ದೀರಲ್ಲ, ಅದು ಆ ವ್ಯಕ್ತಿಯ ಮಾತೋ ನಿಮ್ಮದೋ ಎಂದು ಕೊನೆಗೆ ಕೇಳಿದ್ದೀರಿ.

ಕೊನೆಯದರಲ್ಲಿ ನೀವು ಗೆದ್ದಿರಿ. ಗಂಡು, ಹೆಣ್ಣು ಎಂಬ ಎರಡರಲ್ಲಿ ಒಂದಕ್ಕೇ ಸೇರದವರಿಗೆ ಹೇಳುವ ಆ ಪದ ನಮ್ಮದು. ಇವತ್ತಿನ ಓದುಗರಿಗೆ ಬೇಗ ತಿಳಿಯಲಿ ಎಂದು ಹಚ್ಚಿದೆವು. ಫೈನ್‌ಬರ್ಗ್ ತಮ್ಮನ್ನು ಕರೆದುಕೊಂಡದ್ದು ಉದ್ದನೆಯ ಪಟ್ಟಿಯಿಂದ: ವರ್ಣಭೇದವನ್ನು ವಿರೋಧಿಸುವ ಬಿಳಿಯರು, ಕಾರ್ಮಿಕ ವರ್ಗದವರು, ಧರ್ಮಾಚರಣೆಯಿಲ್ಲದ ಯಹೂದಿ, ಟ್ರಾನ್ಸ್‌ಜೆಂಡರ್, ಲೆಸ್ಬಿಯನ್, ಹೆಣ್ಣು, ಕ್ರಾಂತಿಕಾರಿ ಕಮ್ಯುನಿಸ್ಟ್. ಇದರಲ್ಲಿ ಒಂದನ್ನೂ ಬಿಟ್ಟುಕೊಡಲು ಅವರು ತಯಾರಿರಲಿಲ್ಲ. ನಾವು ಏಳನ್ನೂ ಒಂದು ಪದದೊಳಗೆ ತುರುಕಿದೆವು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬರುತ್ತದೆ.

ಪಟ್ಟಿಯಲ್ಲಿ ‘ಹೆಣ್ಣು’ ಇದೆಯಲ್ಲ, ಮತ್ತೆ ‘ಅವಳು’ ಎಂದರೇನು ತಪ್ಪು ಎಂದು ನೀವು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಫೈನ್‌ಬರ್ಗ್ ಇದಕ್ಕೆ ಕೊಟ್ಟ ಉತ್ತರ ನಮ್ಮ ಲೇಖನದಲ್ಲಿ ಎರಡೇ ಸಾಲಿನಲ್ಲಿ ಮುಗಿದುಹೋಗಿತ್ತು. ಟ್ರಾನ್ಸ್ ಅಲ್ಲದವರ ನಡುವೆ ಅವರಿಗೆ ‘ಶೀ’ ಒಪ್ಪಿಗೆಯಾಗಿತ್ತು. ಅಲ್ಲಿ ‘ಹೀ’ ಎಂದರೆ ಹೆಣ್ಣಿನ ಮೈ, ಗಂಡಿನ ತೋರಿಕೆ ಎರಡೂ ಒಟ್ಟಿಗಿರುವ ತೊಡಕು ಕಣ್ಣಿಗೆ ಬೀಳದೆ ಹೋಗುತ್ತದೆ ಎಂಬುದು ಅವರ ವಾದ. ಟ್ರಾನ್ಸ್ ಜನರೇ ಸೇರಿದ ಕಡೆ ‘ಹೀ’ ಎಂದರೆ ಸಂತೋಷ. ‘ಝೀ’, ‘ಹಿರ್’ ಎಂಬ ಹೊಸ ಸರ್ವನಾಮಗಳೂ ಇಷ್ಟವೇ, ಏಕೆಂದರೆ ಅವನ್ನು ಕೇಳಿದವರಿಗೆ ಇನ್ನೂ ಭೇಟಿಯಾಗದ ವ್ಯಕ್ತಿಯ ಬಗ್ಗೆ ಮೊದಲೇ ಲೆಕ್ಕ ಹಾಕಿಕೊಳ್ಳಲು ಆಗುವುದಿಲ್ಲ. ಇಷ್ಟೆಲ್ಲ ಹೇಳಿದವರೇ, ತಪ್ಪು ಸರ್ವನಾಮ ಬಳಸಿಯೂ ಗೌರವದಿಂದ ನಡೆದುಕೊಂಡವರಿದ್ದಾರೆ, ಸರಿಯಾದದ್ದನ್ನೇ ಬಳಸಿ ಹೀಯಾಳಿಸಿದವರೂ ಇದ್ದಾರೆ ಎಂದೂ ಹೇಳಿದರು.

ಇದನ್ನು ಕನ್ನಡದಲ್ಲಿ ಬರೆಯುವವರ ಪಾಡು ನಿಮಗೆ ಗೊತ್ತೇ ಇದೆ. ‘ನಾನು ಬಂದೆ’, ‘ನೀನು ಬಂದೆ’ ಎನ್ನುವಾಗ ಹೆಣ್ಣು ಗಂಡಿನ ಮಾತೇ ಏಳುವುದಿಲ್ಲ. ಎದುರಿಗಿಲ್ಲದವರ ಸುದ್ದಿ ಬಂದಾಗಲೇ ಕ್ರಿಯಾಪದದ ಬಾಲಕ್ಕೆ ‘ನು’, ‘ಳು’ ಅಂಟಿಕೊಳ್ಳುವುದು. ಇಂಗ್ಲಿಷಿನವರಿಗೆ ಸರ್ವನಾಮ ಬದಲಿಸಿದರೆ ಮುಗಿಯಿತು. ನಮಗೆ ವಾಕ್ಯದ ತುದಿಯೂ ಕಾಡುತ್ತದೆ. ಆದರೆ ಅವರು ಹೊಸದಾಗಿ ಕಟ್ಟಿಕೊಳ್ಳಬೇಕಾಗಿ ಬಂದ ಪದ ನಮ್ಮಲ್ಲಿ ಮೊದಲಿನಿಂದ ಇತ್ತು. ಅತ್ತೆಯೂ ‘ಬಂದರು’, ಮಾವನೂ ‘ಬಂದರು’. ಆ ಸವಲತ್ತನ್ನೇ ಬಳಸಿಕೊಂಡೆವು.

ಹದಿನಾಲ್ಕರ ಮಗುವಿನ ವಿಷಯಕ್ಕೆ ಮಾತ್ರ ನಿಮ್ಮ ಕಿವಿ ಸರಿ. ಅಲ್ಲಿ ‘ಸೇರಿದರು’ ಎಂಬುದು ಪುಟ್ಟ ಮೈಗೆ ದೊಡ್ಡವರ ಕೋಟು ತೊಡಿಸಿದ ಹಾಗಿದೆ. ‘ಹದಿನಾಲ್ಕಕ್ಕೇ ದುಡಿಮೆ ಶುರು’ ಎಂದು ಕ್ರಿಯಾಪದವನ್ನೇ ಬಿಟ್ಟಿದ್ದರೆ ತಂಟೆಯೇ ಇರುತ್ತಿರಲಿಲ್ಲ.

ಆ ದುಡಿಮೆಯ ಕಥೆಯಲ್ಲೇ ನಿಮ್ಮ ಎರಡನೇ ಆಕ್ಷೇಪಕ್ಕೆ ಉತ್ತರವಿದೆ. 1949ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಜನನ, ಬೆಳೆದದ್ದು ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ. ಮೊದಲು ದೊಡ್ಡ ಅಂಗಡಿಯೊಂದರ ಬೋರ್ಡು ಬರೆಯುವ ವಿಭಾಗ. ಆಮೇಲೆ ಪಿವಿಸಿ ಪೈಪಿನ ಕಾರ್ಖಾನೆ, ಪುಸ್ತಕದ ಬೈಂಡಿಂಗ್, ಹಡಗಿನ ಸರಕುಕೋಣೆ ಗುಡಿಸುವುದು, ಪಾತ್ರೆ ತೊಳೆಯುವುದು, ಕಿವುಡರಿಗೆ ಸನ್ನೆ ಭಾಷೆಯ ದುಭಾಷಿ. ಗಂಡುಡುಗೆಯ ಹೆಣ್ಣಿಗೆ ಕಾಯಂ ಕೆಲಸ ಕೊಡುವವರು ಸಿಗುವುದು ಕಷ್ಟವಿತ್ತು. ಇಪ್ಪತ್ತರ ಆಸುಪಾಸಿನಲ್ಲಿ ಪ್ಯಾಲೆಸ್ತೀನಿಯರ ಪರವಾದ ಪ್ರದರ್ಶನವೊಂದರಲ್ಲಿ ವರ್ಕರ್ಸ್ ವರ್ಲ್ಡ್ ಪಾರ್ಟಿ ಎಂಬ ಕಮ್ಯುನಿಸ್ಟ್ ಪಕ್ಷದವರ ಪರಿಚಯವಾಯಿತು. ಮುಂದೆ ಆ ಪಕ್ಷದ ಪತ್ರಿಕೆಗೆ ಹಲವು ವರ್ಷ ದುಡಿದರು. 1974ರಲ್ಲಿ ಬಾಸ್ಟನ್ನಿನ ವರ್ಣಭೇದ ವಿರೋಧಿ ಮೆರವಣಿಗೆಯಲ್ಲಿದ್ದರು. 1983–84ರಲ್ಲಿ, ಏಡ್ಸ್ ಬಗ್ಗೆ ಅಮೆರಿಕದ ಅಧ್ಯಕ್ಷರು ಬಾಯಿಬಿಡದಿದ್ದ ಕಾಲಕ್ಕೆ, ಅದರ ಬಗ್ಗೆ ಮಾತಾಡುತ್ತ ದೇಶ ಸುತ್ತಿದರು.

1992ರ ಕಿರುಹೊತ್ತಗೆಯಲ್ಲಿ ಅವರು ‘ಟ್ರಾನ್ಸ್‌ಜೆಂಡರ್’ ಎಂಬುದನ್ನು ಒಟ್ಟಾಗಿ ಹೋರಾಡುವ ಎಲ್ಲರಿಗೂ ಚಾಚುವ ಚಪ್ಪರದಂಥ ಪದವಾಗಿ ಬಳಸಿದರು. ಮರುವರ್ಷ ಬಂದದ್ದು ನೀವು ಹೇಳುವ ಆ ‘ಒಂದೇ ಕಾದಂಬರಿ’, ಸ್ಟೋನ್ ಬುಚ್ ಬ್ಲೂಸ್. (ಒಂದೇ ಅಲ್ಲ, 2006ರಲ್ಲಿ ಇನ್ನೊಂದು ಬಂತು.) ‘ಬುಚ್’ ಎಂದರೆ ಗಂಡುನಡೆಯ ಲೆಸ್ಬಿಯನ್. ಜೆಸ್ ಎಂಬ ಇಂಥ ಕೂಲಿಕಾರರ ಕಥೆ ಅದು. ಬಾರಿಗೆ ನುಗ್ಗಿ ಥಳಿಸುವ ಪೊಲೀಸರು ಅದರಲ್ಲಿದ್ದಾರೆ, ಯೂನಿಯನ್ನಿನ ಒಳಜಗಳವಿದೆ. ಜೆಸ್ ಬದುಕಿಕೊಳ್ಳಲು ಹಾರ್ಮೋನ್ ತೆಗೆದುಕೊಂಡು ಗಂಡಸಾಗಿ ಓಡಾಡುತ್ತಾರೆ, ಆಮೇಲೆ ನಿಲ್ಲಿಸುತ್ತಾರೆ. ಇದು ಆತ್ಮಕಥೆಯಲ್ಲ ಎಂದು ಫೈನ್‌ಬರ್ಗ್ ಕೊನೆಯವರೆಗೂ ಹಟ ಹಿಡಿದರು. ನನಗೆ ಆ ಹಟ ಅರ್ಥವಾಗುತ್ತದೆ. ಬಡವರು ಕಾದಂಬರಿ ಬರೆದರೆ ಅದನ್ನು ಬರೀ ಗೋಳಿನ ದಾಖಲೆ ಎಂದು ಓದುವವರೇ ಹೆಚ್ಚು.

ಲೇಖನದಲ್ಲಿ ಜಾಗವಿಲ್ಲದೆ ಕೈಬಿಟ್ಟ ಒಂದು ಸಂಗತಿ. ತೊಂಬತ್ತರ ದಶಕದಲ್ಲಿ ಹೃದಯದ ಕವಾಟಕ್ಕೆ ಸೋಂಕು ತಗಲಿ, ಜ್ವರದಲ್ಲಿ ಬೇಯುತ್ತ ಫೈನ್‌ಬರ್ಗ್ ಆಸ್ಪತ್ರೆಗೆ ಹೋದರು. ಪರೀಕ್ಷೆ ಮಾಡುವಾಗ ಮೈ ಹೆಣ್ಣಿನದು ಎಂದು ತಿಳಿದ ವೈದ್ಯರು ಹೊರಗೆ ಹೋಗಲು ಹೇಳಿದರು. ನಿನ್ನ ಮನಸ್ಸೇ ಕಲಕಿಹೋಗಿದೆ, ಜ್ವರ ಬಂದಿರುವುದು ಅದಕ್ಕೇ ಎಂದರಂತೆ. ಇದನ್ನು ಫೈನ್‌ಬರ್ಗ್ ತಾವೇ ಬರೆದಿದ್ದಾರೆ. ಮೇಷ್ಟರೇ, ಆ ವೈದ್ಯರಿಗೆ ವ್ಯಾಕರಣದ ಗೊಂದಲವೇನೂ ಇರಲಿಲ್ಲ.

ಮುಂದೆ ಉಣ್ಣೆಹುಳು ಕಚ್ಚಿ ಬರುವ ಲೈಮ್ ಕಾಯಿಲೆ ಅವರನ್ನು ವರ್ಷಗಟ್ಟಲೆ ಹಾಸಿಗೆಗೆ ಕೆಡವಿತು. ದಿವಾಳಿಯಾದ ಪ್ರಕಾಶಕರಿಂದ ಕಾದಂಬರಿಯ ಹಕ್ಕನ್ನು ಅದಕ್ಕೆ ಮೊದಲೇ ಹೋರಾಡಿ ಬಿಡಿಸಿಕೊಂಡಿದ್ದರು. ಇಪ್ಪತ್ತನೇ ವರ್ಷದ ಆವೃತ್ತಿಯನ್ನು ಯಾರು ಬೇಕಾದರೂ ಹಣ ಕೊಡದೆ ಇಳಿಸಿಕೊಳ್ಳಬಹುದು ಎಂದು ಬಿಟ್ಟುಕೊಟ್ಟರು, ಸಿನಿಮಾ ಮಾಡಲು ಮಾತ್ರ ಒಪ್ಪಲಿಲ್ಲ. 2014ರ ನವೆಂಬರ್ 15ರಂದು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸಿನ ಮನೆಯಲ್ಲಿ, ಕವಿ ಮಿನ್ನಿ ಬ್ರೂಸ್ ಪ್ರ್ಯಾಟ್ ಪಕ್ಕದಲ್ಲಿರುವಾಗ ತೀರಿಕೊಂಡರು. ಇಬ್ಬರೂ 1992ರಿಂದ ಜೊತೆಗಿದ್ದವರು. ನನ್ನನ್ನು ಕ್ರಾಂತಿಕಾರಿ ಕಮ್ಯುನಿಸ್ಟ್ ಎಂದು ನೆನಪಿಟ್ಟುಕೊಳ್ಳಿ ಎಂಬುದು ಕೊನೆಯ ಮಾತುಗಳಲ್ಲಿ ಒಂದು. ನಮ್ಮ ತಲೆಬರಹ ಹೀಗೂ ತಪ್ಪು.

ನಿಮ್ಮ ಕೆಂಪು ಶಾಯಿಯ ಪ್ರತಿ ಉಪಸಂಪಾದಕರ ಮೇಜಿನ ಮೇಲಿದೆ. ನಲವತ್ತೊಂದು ‘ಅವರು’ಗಳಲ್ಲಿ ನಲವತ್ತು ಹಾಗೇ ಉಳಿಯುತ್ತವೆ. ಹದಿನಾಲ್ಕರ ಮಗುವಿನದನ್ನು ತೆಗೆದಿದ್ದೇವೆ. ಅಲ್ಪಪ್ರಾಣ, ಮಹಾಪ್ರಾಣ ಅದಲುಬದಲಾದ ಮೂರು ಕಡೆ ನೀವು ಹಾಕಿದ ಗೀಟಿಗೆ ನಮ್ಮ ಬಳಿ ಉತ್ತರವಿಲ್ಲ.

– ಸಂಪಾದಕ