ಲಕ್ಕುಂಡಿಗೆ ‘ಹೇಡೇ’ ಒಪ್ಪುತ್ತದೆ, ಬ್ಯಾಡಗಿಗೆ ಬೇಡ

ಪ್ರಶ್ನೆ: ಶಾಲೆಯ ಸ್ಮರಣ ಸಂಚಿಕೆಗೆ ಇಂಗ್ಲಿಷಿನಲ್ಲಿ ಬರೆಯುವಾಗ ಲಕ್ಕುಂಡಿ ಕುರಿತು ‘ಅಟ್ ಇಟ್ಸ್ ಹೇಡೇಸ್’ (ಅದರ ವೈಭವದ ದಿನಗಳಲ್ಲಿ) ಎಂದಿದ್ದೆ. ಕರಡು ತಿದ್ದಿದವರು ಕೆಂಪು ಗೆರೆ ಎಳೆದಿದ್ದಾರೆ. ತಪ್ಪೇನು?
– ಓದುಗರು, ಗದಗ

ಉತ್ತರ: ತಪ್ಪು ಎರಡು. ಮೊದಲನೆಯದು ‘ಅಟ್’. ‘ಪೀಕ್’ ಎಂಬುದು ತುದಿ, ಅದಕ್ಕೆ ‘ಅಟ್’ ಸರಿ. ಹೇಡೇ ವರ್ಷಗಟ್ಟಲೆ ನಡೆದ ಕಾಲ, ಅದಕ್ಕೆ ‘ಇನ್’ ಬೇಕು. ಇನ್ನು ಕೊನೆಯ ‘ಎಸ್’. ನಾವು ‘ವೈಭವದ ದಿನಗಳು’ ಎನ್ನುವುದರಿಂದ ಅದು ತಾನಾಗಿ ನುಸುಳುತ್ತದೆ. ಆದರೆ ಈ ಪದ ಹುಟ್ಟಿದ್ದು ದಿನದಿಂದಲ್ಲ; 16ನೇ ಶತಮಾನದಲ್ಲಿ ಅದು ಹಿಗ್ಗಿನ ಉದ್ಗಾರ, ‘ಡೇ’ ಆಮೇಲೆ ಕಿವಿಗೆ ಕೇಳಿದಂತೆ ಅಂಟಿಕೊಂಡದ್ದು. ಒಂದು ಊರಿಗೆ, ಒಬ್ಬ ವ್ಯಕ್ತಿಗೆ ಏಕವಚನವೇ ಸಾಕು: ‘ಲಕ್ಕುಂಡಿ ಇನ್ ಇಟ್ಸ್ ಹೇಡೇ’. ನಾಟಕ ಕಂಪನಿ ನಡೆಸಿದ ಗದಗಿನ ಗರುಡ ಸದಾಶಿವರಾಯರಿಗೆ ‘ಇನ್ ಹಿಸ್ ಹೇಡೇ’, ಒಟ್ಟು ವೃತ್ತಿರಂಗಭೂಮಿಗೆ ‘ದ ಹೇಡೇ ಆಫ್ ಕಂಪನಿ ಥಿಯೇಟರ್’.

ಲಕ್ಕುಂಡಿಯ ಹೇಡೇ ಎಂದಾಗ ಪಕ್ಕದಲ್ಲೇ ಕಾಲವನ್ನೂ ಕೊಡಿ: ಕಲ್ಯಾಣ ಚಾಲುಕ್ಯರ ಆಳ್ವಿಕೆ, 11–12ನೇ ಶತಮಾನ. ಇಲ್ಲದಿದ್ದರೆ ಬರೀ ಹೊಗಳಿಕೆಯಾಗುತ್ತದೆ. ಕಾಗುಣಿತದಲ್ಲಿ ಮೊದಲು ಎಚ್, ಇ, ವೈ, ಆಮೇಲೆ ‘ಡೇ’ (heyday). ನಡುವೆ ಜಾಗ ಬಿಡದೆ ಒಂದೇ ಪದ. ‘ಇ’ ಬದಲು ‘ಎ’ ಒತ್ತಿ ಬಿಡಿಸಿ ಬರೆದರೆ ಒಣಹುಲ್ಲಿನ ದಿನವಾಗುತ್ತದೆ. ಎರಡೂ ಇಂಗ್ಲಿಷಿನಲ್ಲಿರುವ ಪದಗಳೇ ಆದ್ದರಿಂದ ಕಂಪ್ಯೂಟರ್ ತಪ್ಪು ತೋರಿಸುವುದಿಲ್ಲ!

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಪೇಟೆಯನ್ನು ಹೊಗಳಲು ‘ಇನ್ ಇಟ್ಸ್ ಹೇಡೇ’ ಎನ್ನಬಹುದೇ?
– ಓದುಗರು, ಹಾವೇರಿ

ಉತ್ತರ: ಬೇಡ. ಆ ಕಾಲ ಮುಗಿದುಹೋಯಿತು ಎಂಬ ಧ್ವನಿ ಈ ಪದದೊಳಗೇ ಇದೆ. ಈಗಲೂ ಚೀಲಗಟ್ಟಲೆ ಮೆಣಸಿನಕಾಯಿ ಬಂದು ಬೀಳುವ ಪೇಟೆ ಬಾಗಿಲು ಹಾಕಿತೇನೋ ಎಂದುಕೊಳ್ಳುತ್ತಾರೆ, ಹೊರಗಿನವರು. ‘ಥ್ರೈವಿಂಗ್’ (ಭರಾಟೆಯಿಂದ ನಡೆಯುತ್ತಿರುವ) ಎನ್ನಿ. ಸನ್ಮಾನಪತ್ರ ಬರೆಯುವವರೂ ಹುಷಾರಾಗಿರಬೇಕು: ಎದುರಿಗೇ ಕುಳಿತ ಹಿರಿಯರಿಗೆ ‘ಇನ್ ಹಿಸ್ ಹೇಡೇ’ ಎಂದರೆ, ನಿಮ್ಮ ಕಾಲ ಆಯಿತು ಎಂದು ಶಾಲು ಹೊದಿಸಿ ಹೇಳಿದಂತೆ. ಗರಡಿಮನೆಯ ಪೈಲ್ವಾನರ ಮೈಕಸುವಿನ ವಯಸ್ಸಿಗೆ ‘ಪ್ರೈಮ್’ ಇದೆ. ಒಂದು ಕಲೆಯ ಇಡೀ ಯುಗಕ್ಕೆ ‘ಗೋಲ್ಡನ್ ಏಜ್’.

ಪ್ರಶ್ನೆ: ಕನ್ನಡ ಲೇಖನದಲ್ಲೂ ‘ಹೇಡೇ’ ಎಂದೇ ಬರೆಯಬಹುದೇ?
– ಓದುಗರು, ಧಾರವಾಡ

ಉತ್ತರ: ಅಗತ್ಯವಿಲ್ಲ. ರಾಜ್ಯಕ್ಕೆ, ಊರಿಗೆ ‘ಉಚ್ಛ್ರಾಯ ಕಾಲ’ ಒಪ್ಪುತ್ತದೆ. ನಾಟಕ ಕಂಪನಿಗೆ ಅದು ತುಸು ಭಾರ. ಅಲ್ಲಿ ನಮ್ಮ ಕಡೆಯ ಮಾತೇ ಸಾಕು: ‘ಆಗ ಅವರದ ಭಾರೀ ಹವಾ ಇತ್ತ್ರೀ.’