ಸಹಿ ಹಾಕದ ಕೈ

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರು ನಲವತ್ತು ದಾಟಿದ ಹೆಣ್ಣುಮಗಳು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೊದಲ ದಿನ ಒಪ್ಪಿಗೆ ಪತ್ರ ಮುಂದಿಟ್ಟೆ. ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಬಾಯಲ್ಲಿ ಹೇಳಿದ್ರೆ ಸಾಲದಾ ಮೇಡಂ?" ಏಳು ತಿಂಗಳಿಂದ ಮಗನ ಅಂಕಪಟ್ಟಿಗೂ ಗಂಡನದೇ ಸಹಿಯಂತೆ.

ಅವರು ಕೊನೆಯ ಸಲ ಸಹಿ ಹಾಕಿದ್ದು ಆಸ್ಪತ್ರೆಯಲ್ಲಿ. ಮೆದುಳಲ್ಲಿ ರಕ್ತಸ್ರಾವವಾಗಿ ತಂದೆ 19 ದಿನ ವೆಂಟಿಲೇಟರ್‌ನಲ್ಲಿದ್ದರು. ಚೇತರಿಸಿಕೊಳ್ಳುವುದಿಲ್ಲ ಎಂದು ವೈದ್ಯರು ತಿಳಿಸಿದ ಮೇಲೆ ಯಂತ್ರ ತೆಗೆಯಲು ಹಿರಿಮಗಳಾಗಿ ಒಪ್ಪಿದರು. ಮಾರನೇ ದಿನ ಬಂದ ತಮ್ಮ ಕೇಳಿದ: "ಐದನೇ ಆಜ್ಞೆ ಮರೆತುಬಿಟ್ಯಾ ಅಕ್ಕಾ?" ಆಮೇಲೆ ಇವರು ಚರ್ಚಿನ ಪೂಜೆಗೆ ಹೋದರೂ ಅಲ್ಲಿ ಕೊಡುವ ಪವಿತ್ರ ರೊಟ್ಟಿ, ಪರಮಪ್ರಸಾದ, ತೆಗೆದುಕೊಂಡಿಲ್ಲ.

ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ, ಕಥೋಲಿಕರ ಎಣಿಕೆಯಂತೆ, 'ಕೊಲೆ ಮಾಡಬಾರದು' ಐದನೆಯದು, ಹೆಚ್ಚಿನ ಪ್ರಾಟೆಸ್ಟೆಂಟರಿಗೆ ಆರನೆಯದು. ಹೀಬ್ರೂ ಮೂಲದಲ್ಲಿ ಅದು ಬರೀ ಎರಡು ಪದ. ಯುದ್ಧ, ಗಲ್ಲು, ಗರ್ಭಪಾತ, ವೆಂಟಿಲೇಟರ್ ಎಲ್ಲಕ್ಕೂ ಜನ ಆ ಎರಡು ಪದದಲ್ಲೇ ಉತ್ತರ ಹುಡುಕುತ್ತಾರೆ. ಧರ್ಮಶಾಸ್ತ್ರ ನನ್ನ ಕೆಲಸವಲ್ಲ, ಆದರೂ ಓದಿಕೊಂಡೆ. ವೆಂಟಿಲೇಟರ್ ಪ್ರಶ್ನೆಗೆ 1957ರಲ್ಲೇ ಪೋಪ್ 12ನೇ ಪಿಯುಸ್ ವೈದ್ಯರೆದುರು ಉತ್ತರಿಸಿದ್ದರು. ಚರ್ಚಿನ ಅಧಿಕೃತ ಬೋಧನೆಗಳ ಗ್ರಂಥವಾದ ಕಥೋಲಿಕ ಧರ್ಮೋಪದೇಶದ 2278ನೇ ಕಂಡಿಕೆಯೂ ಇದೆ. ಸಿಗುವ ಫಲಕ್ಕಿಂತ ಹೊರೆಯೇ ಜಾಸ್ತಿಯಾದ ಚಿಕಿತ್ಸೆಯನ್ನು ನಿಲ್ಲಿಸಬಹುದು, ಅಲ್ಲಿ ಸಾವನ್ನು ಬಯಸಿದಂತಲ್ಲ, ತಡೆಯಲಾಗದ್ದನ್ನು ಒಪ್ಪಿಕೊಂಡಂತೆ, ಅನ್ನುತ್ತದೆ ಅದು. ಸಾಯಿಸಲೆಂದೇ ಕೈಹಾಕುವುದನ್ನು ಮಾತ್ರ ಅದಕ್ಕೂ ಹಿಂದಿನ ಕಂಡಿಕೆ ಸಾರಾಸಗಟಾಗಿ ನಿಷೇಧಿಸಿದೆ.

ಇದನ್ನೆಲ್ಲ ಹೇಳಿದೆ. ಅವರು ತಲೆಯಾಡಿಸಿದರು. ಏನೂ ಬದಲಾಗಲಿಲ್ಲ. ಕಂಡಿಕೆ ಓದಿ ಹೇಳಿದ್ದು ನನ್ನ ಆತುರ, ಅಷ್ಟೇ.

ಮೂರನೇ ಭೇಟಿಯಲ್ಲಿ ಬೇರೆ ಪ್ರಶ್ನೆ ಕೇಳಿದೆ. ಯಂತ್ರ ನಿಂತ ಮೇಲೆ ಏನಾಯಿತು? ತುಂಬ ಹೊತ್ತು ಸುಮ್ಮನಿದ್ದರು. "ಬೀಪ್ ಸದ್ದು ನಿಂತಿತು. ಅಪ್ಪನ ತುಟಿ ಪಕ್ಕ ಟೇಪಿನ ಗುರುತಿತ್ತು. ಒರೆಸಿದೆ. ಆಗ... ಹಗುರ ಅನ್ನಿಸಿತು ಮೇಡಂ. ಖುಷಿ ಪಟ್ಟೆ ಅಲ್ವಾ ನಾನು?"

ಗಂಟು ಇದ್ದದ್ದು ಇಲ್ಲಿ. ತಮ್ಮನ ಮಾತು ಅದಕ್ಕೊಂದು ಹೆಸರು ಕೊಟ್ಟಿತ್ತು. 19 ದಿನ ನಿದ್ದೆಗೆಟ್ಟ ಮೈಮನಸ್ಸು ಹೊರೆ ಇಳಿದಾಗ ನಿಟ್ಟುಸಿರು ಬಿಡುತ್ತದೆ. ಅಪ್ಪ ಹೋಗಲಿ ಅಂತ ಬಯಸಿದ್ದರ ಗುರುತು ಅದಲ್ಲ ಎಂದೆ. ರೋಗಿಯನ್ನು ತಿಂಗಳುಗಟ್ಟಲೆ ನೋಡಿಕೊಂಡವರಲ್ಲಿ ಎಷ್ಟೋ ಜನ ಇದನ್ನೇ ಪಿಸುಗುಟ್ಟಿದ್ದಾರೆ ಎಂದೂ ಹೇಳಿದೆ. ಆವತ್ತು ಮೊದಲ ಸಲ ಅತ್ತರು.

ನಾನು ಕೊಟ್ಟ ಸಲಹೆ ಸಣ್ಣದು. ಪಾಪವೋ ಅಲ್ಲವೋ ಎನ್ನುವುದನ್ನು ಫಾದರ್ ಹತ್ತಿರ ಪಾಪನಿವೇದನೆಯಲ್ಲೇ ಕೇಳಿ, ಹಗುರ ಅನ್ನಿಸಿದ್ದನ್ನೂ ಮುಚ್ಚಿಡಬೇಡಿ. ತಂದೆಗೆ ಏನಾಗಿತ್ತು ಎಂದು ಆ ವೈದ್ಯರಿಂದ ಇನ್ನೊಮ್ಮೆ ವಿವರ ಕೇಳಿ, ತಮ್ಮನನ್ನೂ ಕರೆದೊಯ್ಯಿರಿ. ಅವನ ಜೊತೆ ಆಜ್ಞೆಯ ಬಗ್ಗೆ ವಾದಕ್ಕಿಳಿಯಬೇಡಿ. ಕೊನೆಗಳಿಗೆಯಲ್ಲಿ ಇಲ್ಲದಿದ್ದವನಿಗೂ ಒಂದು ಅಪರಾಧಿ ಭಾವ ಇರುತ್ತದೆ, ಅದನ್ನವನು ಅಕ್ಕನ ತಲೆಗೆ ಕಟ್ಟಿರಬಹುದು. ನಿದ್ದೆ, ಊಟ ಹೀಗೇ ಕೆಟ್ಟರೆ ಮನೋವೈದ್ಯರನ್ನು ಕಾಣಬೇಕು, ತಡ ಮಾಡುವಂತಿಲ್ಲ ಎಂದೂ ಹೇಳಿದೆ.

ಫಾದರ್ ಹತ್ತಿರ ಹೋಗಿಬಂದರು. ತಮ್ಮ ಆಸ್ಪತ್ರೆಗೆ ಬರಲಿಲ್ಲ, ಫೋನಿನಲ್ಲಿ ಮಾತ್ರ "ಅಪ್ಪನ ಕೈ ಬೆಚ್ಚಗಿತ್ತಾ?" ಎಂದು ಕೇಳಿದನಂತೆ. ಅರ್ಧ ಗಂಟೆ ಮಾತಾಡಿದರಂತೆ ಇಬ್ಬರೂ.

ಒಪ್ಪಿಗೆ ಪತ್ರ ಇನ್ನೂ ಖಾಲಿಯಾಗೇ ಫೈಲಿನಲ್ಲಿದೆ. ನಾನೂ ಮತ್ತೆ ಕೇಳಿಲ್ಲ.